ಹಟ್ಟಿಗೆ ಸೆಗಣಿ ಬಾಚುವ ಯಂತ್ರ: ಮೂರು ಮನೆಯ ಅನುಭವ

ಪೆರ್ಲದ ಹತ್ತಿರದ ಅಣ್ಣ ಒಬ್ಬರು ಕೇಳಿದ್ದು ಇಷ್ಟು: 14 ಮಿಶ್ರತಳಿ ದನಗಳಿವೆ, ಈಗ ಕಟ್ಟಿ ಸಾಕುವುದು. ಹೊಸ ಹಟ್ಟಿ ಕಟ್ಟಿಸಿ ಒಳಗೆ ಬಿಟ್ಟು ಸಾಕುವ ಅಂದಾಜಿದೆ. ಸೆಗಣಿ ತೆಗೆಯಲು ಜನ ಸಿಗುವುದಿಲ್ಲ. ತಾನಾಗಿ ಓಡುವ ಸ್ಕ್ರೇಪರ್, ಅಂದರೆ ದನ ಓಡಾಡುವ ಓಣಿಯ ಸೆಗಣಿಯನ್ನು ಬ್ಲೇಡಿನಿಂದ ಬಾಚಿ ತುದಿಯ ಗುಂಡಿಗೆ ತಳ್ಳುವ ಯಂತ್ರ, ಹಾಕಿಸುವುದಾದರೆ ಬ್ಲೇಡನ್ನು ಚೈನು ಎಳೆಯುವಂಥದ್ದೋ, ಹಗ್ಗ ಎಳೆಯುವಂಥದ್ದೋ?

ನಮ್ಮದು ಬದಿಯಡ್ಕ ಕಡೆ, ಅಡಿಕೆ ತೋಟದ ನಡುವಿನ ಮನೆ. ಸ್ಕ್ರೇಪರ್ ಹಾಕಿಸಿದ ಮೇಲೆ ಐದು ಮಳೆಗಾಲ ಕಳೆಯಿತು. ನಮ್ಮಲ್ಲಿರುವುದು ಚೈನಿನದ್ದು. ಮುಳ್ಳೇರಿಯದ ಮಾವನ ಹಟ್ಟಿಯಲ್ಲಿ ಉಕ್ಕಿನ ಹಗ್ಗದ್ದು. ವಿಟ್ಲದ ಚಿಕ್ಕಮ್ಮ ಎರಡು ಕಡೆಯಿಂದ ಕೊಟೇಶನ್ ತರಿಸಿ, ಯೋಚಿಸಿ, ಬೇಡವೆಂದು ಬಿಟ್ಟವರು. ಮೂವರದ್ದನ್ನೂ ಸೇರಿಸಿ ಬರೆಯುತ್ತೇನೆ.

ಚಿಕ್ಕಮ್ಮನ ಲೆಕ್ಕ ಸರಿಯಾಗಿಯೇ ಇತ್ತು. ಅವರದ್ದು ಎಂಟು ದನ, ಎಲ್ಲವೂ ಕಟ್ಟಿಯೇ. ಓಣಿಯಲ್ಲಿ ಹಿಂದೆ ಮುಂದೆ ಓಡುವ ಸ್ಕ್ರೇಪರ್ ಇರುವುದು ಬಿಟ್ಟು ಸಾಕುವ ಹಟ್ಟಿಗೆ. ಕಟ್ಟಿದ ದನಗಳಿಗೆ ಹಿಂಗಾಲಿನ ಹಿಂದಿನ ಚರಂಡಿಯಲ್ಲಿ ಹಲಗೆ ಎಳೆಯುವ ಬೇರೆಯೇ ನಮೂನೆ ಬೇಕು. ಅವರು ಚರಂಡಿ ಅಗಲ ಮಾಡಿಸಿ, ಒಂದು ಕೈಗಾಡಿ ಮತ್ತು ರಬ್ಬರ್ ಅಂಚಿನ ಬಾಚುವ ಹಲಗೆ ತಂದರು. ಬೆಳಿಗ್ಗೆ ಅರ್ಧ ಗಂಟೆಯ ಕೆಲಸ. ಹಾಗಾಗಿ ಬಿಟ್ಟು ಸಾಕುವುದು ನಿಶ್ಚಯವೋ ಅಲ್ಲವೋ ಎಂಬುದನ್ನು ಮನೆಯಲ್ಲಿ ಮೊದಲು ತೀರ್ಮಾನಿಸಿ, ಆಮೇಲೆ ಯಂತ್ರ. ಇನ್ನೊಂದು, ಸೊಪ್ಪು ಹಾಸುವ ಹಟ್ಟಿಗೆ ಇದು ಆಗುವುದೇ ಇಲ್ಲ. ಅಡಿಕೆ ಬುಡಕ್ಕೆ ಸೊಪ್ಪಿನ ಗೊಬ್ಬರವೇ ಬೇಕು ಎನ್ನುವವರು ಇದಕ್ಕೆ ಕೈ ಹಾಕಬಾರದು. ಸ್ಕ್ರೇಪರ್ ಕೊಡುವುದು ಸ್ಲರಿ, ಅಂದರೆ ಸೆಗಣಿ ಮೂತ್ರ ಬೆರೆತ ತೆಳು ಗೊಬ್ಬರ. ನಮ್ಮ ಮನೆಯಲ್ಲಿ ಹಿರಿಯರಿಗೆ ಇದು ಒಪ್ಪಿಗೆಯಾಗಲು ಎರಡು ವರ್ಷ ಬೇಕಾಯಿತು.

ಚೈನು, ಹಗ್ಗದ ಮಾತಿಗೆ ಬರುತ್ತೇನೆ. ಹಗ್ಗದ್ದು ಸದ್ದಿಲ್ಲದೆ ಓಡುತ್ತದೆ, ಹಾಕಿಸುವಾಗ ಖರ್ಚೂ ಕಡಿಮೆ ಬಿತ್ತು ಎನ್ನುತ್ತಾರೆ ಮಾವ. ಆದರೆ ಹಗ್ಗ ಹಿಗ್ಗುತ್ತದೆ, ಆಗಾಗ ಬಿಗಿ ಮಾಡಬೇಕು. ಮೂತ್ರದ ತೇವಕ್ಕೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹೋದ ಆಟಿ ತಿಂಗಳ ಮಳೆಯಲ್ಲಿ ಅವರ ಹಟ್ಟಿಗೆ ಹೋಗಿದ್ದಾಗ ಮೂಲೆಯ ಪುಲ್ಲಿಯ ಹತ್ತಿರ ಹಗ್ಗದ ಮೇಲೆ ಕೈಯಾಡಿಸಿದೆ. ಎಳೆಗಳು ಒಂದೊಂದಾಗಿ ತುಂಡಾಗಿ ಹೊರಗೆ ಚಾಚಿದ್ದವು, ಮುಳ್ಳಿನ ಹಾಗೆ ಅಂಗೈಗೆ ಚುಚ್ಚಿದವು. ಪುಲ್ಲಿಯ ಸುತ್ತ ಬೈಹುಲ್ಲು ಸುತ್ತಿಕೊಂಡು ಗಟ್ಟಿಯಾಗಿ ಕೂತಿತ್ತು. ಅದಾಗಿ ಹನ್ನೊಂದನೇ ದಿನ ಹಗ್ಗ ತುಂಡಾಯಿತು. ಚೈನು ಭಾರ, ಸದ್ದು ಜಾಸ್ತಿ, ಓಡುವ ಚಡಿಯ ಕಾಂಕ್ರೀಟನ್ನೂ ತೇಯುತ್ತದೆ. ಆದರೆ ಒಂದು ಕೊಂಡಿ ಹೋದರೆ ಆ ಕೊಂಡಿಯನ್ನಷ್ಟೇ ಬದಲಿಸಬಹುದು, ಊರಿನ ವೆಲ್ಡಿಂಗ್ ಅಂಗಡಿಯವನಿಗೂ ಅದರ ಕೆಲಸ ಗೊತ್ತು. ನಮ್ಮ ಮಳೆಗೆ, ಪೇಟೆಯಿಂದ ನಮಗಿರುವ ದೂರಕ್ಕೆ ನಾನು ಚೈನನ್ನೇ ಹೇಳುತ್ತೇನೆ. ಯಾವುದೇ ಆದರೂ ಬೈಹುಲ್ಲು, ಅಡಿಕೆ ಹಾಳೆ ಕತ್ತರಿಸಿಯೇ ಹಾಕಿ. ಹೈಡ್ರಾಲಿಕ್, ರೋಬೋಟ್ ಎಲ್ಲ ಇದೆ. 14 ದನಕ್ಕೆ ಆ ದಾರಿ ಬೇಡ.

ನಾವು ಎಡವಿದ್ದು ಯಂತ್ರದಲ್ಲಿ ಅಲ್ಲ, ನೆಲದಲ್ಲಿ. ಹಳೆಯ ನೆಲದ ಮೇಲೆಯೇ ಕೂರಿಸಿಕೊಡುತ್ತೇವೆ ಎಂದರು, ನಂಬಿದೆವು. ಓಣಿಯ ನಡುವೆ ಬೆರಳಿನಷ್ಟು ತಗ್ಗು ಇತ್ತು. ಬ್ಲೇಡು ಅಲ್ಲಿ ತೇಲಿಕೊಂಡು ಹೋಗುತ್ತಿತ್ತು, ಹಿಂದೆ ದೋಸೆಹಿಟ್ಟಿನ ಹಾಗೆ ತೆಳ್ಳಗೆ ಸೆಗಣಿ ಉಳಿಯುತ್ತಿತ್ತು. ದಪ್ಪ ಸೆಗಣಿಗಿಂತ ಆ ತೆಳುಪದರವೇ ಹೆಚ್ಚು ಜಾರುತ್ತದೆ. ಗಬ್ಬದ ಕಡಸೊಂದು, ಹಿಂಗಾಲು ಎರಡೂ ಅಗಲಕ್ಕೆ ಜಾರಿ ಕೂತದ್ದು ಮತ್ತೆ ಸರಿಯಾಗಿ ಏಳಲೇ ಇಲ್ಲ. ಆಮೇಲೆ ನೆಲ ಪೂರ್ತಿ ಅಗೆದು, ಮಟ್ಟ ಹಿಡಿದು ಹೊಸದಾಗಿ ಹಾಕಿಸಿದೆವು. ಅದರ ಖರ್ಚು ಯಂತ್ರದ್ದಕ್ಕೆ ಹೆಚ್ಚುಕಡಿಮೆ ಸಮವಾಯಿತು. ಓಣಿ ಈ ತುದಿಯಿಂದ ಆ ತುದಿಗೆ ಒಂದೇ ಅಗಲ ಇರಬೇಕು, ಮೂತ್ರ ಹರಿದುಹೋಗಲು ಸ್ವಲ್ಪ ಇಳಿಜಾರು ಬೇಕು, ಮೇಲ್ಮೈ ಗೆರೆ ಎಳೆದದ್ದಿರಬೇಕು, ನುಣುಪು ಬೇಡ.

ಎಷ್ಟು ಹೊತ್ತಿಗೊಮ್ಮೆ ಓಡಿಸಬೇಕು ಎಂದರೆ, ಎರಡು ಮೂರು ಗಂಟೆಗೊಮ್ಮೆ. ದಿನಕ್ಕೆ ಎರಡೇ ಸಲ ಓಡಿಸಿದರೆ ಬ್ಲೇಡಿನ ಮುಂದೆ ಸೆಗಣಿ ರಾಶಿಯಾಗಿ ಅಲೆಯ ಹಾಗೆ ಬರುತ್ತದೆ, ದನ ಅದರೊಳಗೇ ಕಾಲಿಟ್ಟು ದಾಟಬೇಕು. ಗೊರಸಿನ ಸಂದಿಯಲ್ಲಿ ಸೆಗಣಿ ನಿಂತು ಕಾಲು ಕೊಳೆಯುವುದು ಅಲ್ಲಿಂದಲೇ. ಶುರುವಿನ ಒಂದು ವಾರ ನೀವು ಎದುರು ನಿಂತು ಕೈಯಿಂದಲೇ ಓಡಿಸಿ. ದನಗಳು ಬ್ಲೇಡು ದಾಟಲು ಕಲಿಯುತ್ತವೆ.

ಇನ್ನು ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಎರಡನೇ ವರ್ಷ ನಮ್ಮ ಕಪ್ಪು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ ದನ) ದಿನ ತುಂಬುವ ಮೊದಲೇ ರಾತ್ರಿ ಓಣಿಯಲ್ಲಿ ಕರು ಹಾಕಿತು. ಎರಡು ಗಂಟೆಗೆ ಟೈಮರ್‌ನಲ್ಲಿ ಸ್ಕ್ರೇಪರ್ ಹೊರಟಿತು. ಭಾರ ಜಾಸ್ತಿಯಾದರೆ ಯಂತ್ರ ತಾನೇ ನಿಲ್ಲುತ್ತದೆ ಎಂದು ಹೇಳಿಯೇ ಕೊಟ್ಟಿದ್ದರು. ಆದರೆ ಮೂವತ್ತು ಕಿಲೋದ ಕರುವೂ ಅಷ್ಟೇ ಸೆಗಣಿಯೂ ಅದಕ್ಕೆ ಒಂದೇ. ತಾಯಿಯ ಕೂಗು ಕೇಳಿ ನಾನು ಓಡಿಹೋದಾಗ ಕರು ಗುಂಡಿಯ ಬಾಯಿಯ ಕಬ್ಬಿಣದ ಸರಳಿನ ಮೇಲೆ, ಮೈಯೆಲ್ಲ ಸೆಗಣಿಯಾಗಿ, ಮುಸುಡು ಮಾತ್ರ ಎತ್ತಿ ಬಿದ್ದಿತ್ತು. ಸರಳು ಇಲ್ಲದಿದ್ದರೆ ಒಳಗೆ ಹೋಗುತ್ತಿತ್ತು. ಬದುಕಿತು, ಈಗ ಅದೇ ಹಾಲು ಕೊಡುತ್ತಿದೆ. ಅಂದಿನಿಂದ ಕೆಚ್ಚಲು ಇಳಿಯಲು ಶುರುವಾದ ದನವನ್ನು ಬೇರೆ ಕೋಣೆಗೆ ಹಾಕುತ್ತೇವೆ. ಗುಂಡಿಗೆ ಸರಳು ಹಾಕಿಸದೆ ಒಂದು ದಿನವೂ ಓಡಿಸಬೇಡಿ.

ಗುಂಡಿಯ ಅಳತೆಗೆ ನಮ್ಮ ಲೆಕ್ಕ ಹೀಗೆ: ಸೆಗಣಿ ಮೂತ್ರ ಸೇರಿ ದನಕ್ಕೆ ದಿನಕ್ಕೆ 30 ಕಿಲೋ ಹಿಡಿದರೆ 14 ದನಕ್ಕೆ 420 ಕಿಲೋ. ಜೂನ್‌ನಿಂದ ಆಗಸ್ಟ್‌ವರೆಗೆ ತೋಟಕ್ಕೆ ಸ್ಲರಿ ಬಿಟ್ಟರೆ ಅದು ಬುಡದಲ್ಲಿ ನಿಲ್ಲುವುದಿಲ್ಲ, ತೋಡಿಗೆ (ಹಳ್ಳಕ್ಕೆ) ಹೋಗುತ್ತದೆ. ಮೂರು ತಿಂಗಳಿನದ್ದು ಹಿಡಿಯಬೇಕಾದರೆ ಸುಮಾರು 38,000 ಲೀಟರ್, ತೊಳೆದ ನೀರು ಬೇರೆ. ಮಾಡಿನ ನೀರು ಗುಂಡಿಗೆ ಬೀಳದ ಹಾಗೆ ಮಾಡಿ. ಗೋಬರ್ ಗ್ಯಾಸ್ ಇದ್ದರೆ ನಿಮಗೆ ಲಾಭವೇ: ಪೈಪು ಹಿಡಿದು ತೊಳೆಯುವುದು ಕಡಿಮೆಯಾಗುತ್ತದೆ, ಸೆಗಣಿ ದಪ್ಪವಾಗಿ ಸಿಗುತ್ತದೆ, ನೀರು ಎಷ್ಟು ಸೇರಿಸಬೇಕು ಎಂಬುದು ನಿಮ್ಮ ಕೈಯಲ್ಲಿರುತ್ತದೆ.

ಕಂಟ್ರೋಲ್ ಪೆಟ್ಟಿಗೆಯನ್ನು ಹಟ್ಟಿಯ ಒಳಗೆ ಇಡಿಸಬೇಡಿ, ಅಮೋನಿಯಾಕ್ಕೆ ಒಳಗಿನ ತಾಮ್ರ ಹಸಿರಾಗುತ್ತದೆ. ಅರ್ತಿಂಗ್ ಸರಿ ಮಾಡಿಸಿ. ನಮ್ಮಲ್ಲಿ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ಒಂದು ಬೋರ್ಡು ಸುಟ್ಟು, ಹೊಸದು ಬರುವವರೆಗೆ ಇಪ್ಪತ್ತು ದಿನ ಹಾರೆಯಲ್ಲೇ ಎಳೆದೆವು. ಗುಡುಗು ಕೇಳಿದ ಕೂಡಲೇ ಮೈನ್ ತೆಗೆಯಿರಿ. ಬಿಡಿಭಾಗ ಎಲ್ಲಿಂದ, ಎಷ್ಟು ದಿನದಲ್ಲಿ ಬರುತ್ತದೆ ಎಂದು ಅಡ್ವಾನ್ಸ್ ಕೊಡುವ ಮೊದಲು ಬರೆಸಿಕೊಳ್ಳಿ.

ಹೊಸ ನೆಲ ಹಾಕಿಸಿದ ಮೇಲೆ, ಯಂತ್ರದವರನ್ನು ಕರೆಸುವ ಮೊದಲು, ಓಣಿಗೆ ಹತ್ತು ಬಾಲ್ದಿ ನೀರು ಚೆಲ್ಲಿ ಅರ್ಧ ಗಂಟೆ ಬಿಡಿ. ನೀರು ನಿಂತ ಕಡೆಗೆಲ್ಲ ಸುಣ್ಣದಲ್ಲಿ ಗುರುತು ಹಾಕಿ, ಆ ಫೋಟೊ ಕಳಿಸಿ. ಎಲ್ಲಿ ತೇಯಬೇಕು, ಎಲ್ಲಿ ಒಡೆದು ಮತ್ತೆ ಹಾಕಿಸಬೇಕು ಎಂದು ನೋಡಿ ಹೇಳುತ್ತೇನೆ.