ಅಂಗಡಿಯಲ್ಲಿ ಕೈ ನಿಲ್ಲುವುದಿಲ್ಲ, ಮನೆಗೆ ಬಂದರೆ ಕೈ ಏಳುವುದಿಲ್ಲ. 26 ದಿನದಲ್ಲಿ ಮಗಳು ಬರುತ್ತಾಳೆ, ಏನು ಮಾಡಲಿ?

ಗುಮ್ಮಟದ ಊರವ, ವಿಜಯಪುರ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಯಾರನ್ನಾದರೂ ಕೇಳಬೇಕು ಅಂತಿದ್ದೆ. ಪರಿಚಯದವರನ್ನು ಕೇಳಲು ಸಂಕೋಚ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಏಳನೇ ತಿಂಗಳಲ್ಲಿ ಕುಬಸ (ಸೀಮಂತ) ಮುಗಿಸಿಕೊಂಡು ನನ್ನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋದಳು. ತವರು ಜಮಖಂಡಿ. ಜೂನ್ ತಿಂಗಳಲ್ಲಿ ಮಗಳು ಹುಟ್ಟಿದಳು. ದೀಪಾವಳಿ ಪಾಡ್ಯ ಮುಗಿದ ಮೇಲೆ ಐದನೇ ತಿಂಗಳಲ್ಲಿ ತಾಯಿ ಮಗುವನ್ನು ಕರೆತರುವುದು ಅಂತ ಹಿರಿಯರು ದಿನ ಗೊತ್ತು ಮಾಡಿದ್ದಾರೆ. ಇವತ್ತಿಗೆ 26 ದಿನ ಉಳಿದಿದೆ.

ಮನೆ ಮೂರು ಖೋಲಿಯದು, ಬಾಡಿಗೆಯದು. ಆರು ತಿಂಗಳಿಂದ ನಾನೊಬ್ಬನೇ. ಊಟ ಹೆಚ್ಚಾಗಿ ಖಾನಾವಳಿಯಲ್ಲಿ. ಆದರೂ ಭಾಂಡೆ ಬೀಳುತ್ತವೆ. ಚಹಾದ ಪಾತ್ರೆ, ಹಾಲಿನ ಪಾತ್ರೆ, ನಾಲ್ಕು ಲೋಟ. ಒಳಗಿನ ಖೋಲಿಯ ಕಾಟಿನ ಅರ್ಧ ಭಾಗ ಬಟ್ಟೆ. ಒಗೆದದ್ದು ಯಾವುದು, ಒಗೆಯದ್ದು ಯಾವುದು ಎಂದು ವಾಸನೆ ನೋಡಿಯೇ ಹೇಳಬೇಕು. ಬಚ್ಚಲದ ಕಲ್ಲಿನ ಮೇಲೆ ಬೋರಿನ ನೀರಿನ ಬಿಳಿ ಪದರ ಕಟ್ಟಿದೆ. ಎಲ್ಲಕ್ಕಿಂತ ಹೆಚ್ಚಾಗಿ ಕೊರೆಯುವುದು ಐದು ಕೌದಿಗಳು. ನಮ್ಮವ್ವ ಹಳೆಯ ಬಟ್ಟೆ ಸೇರಿಸಿ ಹೊಲಿದುಕೊಟ್ಟವು. ಪ್ರತಿ ವರ್ಷ ನವರಾತ್ರಿಗೆ ಮೊದಲು ಮನೆಯ ಹಾಸಿಗೆ ಹೊದಿಕೆ ಎಲ್ಲ ಒಗೆದು ಘಟ ಹಾಕುತ್ತಿದ್ದೆವು. ಈ ವರ್ಷ ಒಂದೂ ನೀರು ಕಾಣಲಿಲ್ಲ. ಅವ್ವ ಇಂಡಿ ಕಡೆ ಹಳ್ಳಿಯಲ್ಲಿದ್ದಾಳೆ. ಮೊಣಕಾಲು ನೋವು. ಹೇಳಿದರೆ ನಾಳೆಯೇ ಬಸ್ ಹತ್ತಿ ಬರುತ್ತಾಳೆ, ಅದಕ್ಕೇ ಹೇಳಿಲ್ಲ.

ನಾನು ಕೆಲಸಗಳ್ಳ ಅಲ್ಲ. ಕೃಷಿ ಔಷಧಿ ಅಂಗಡಿಯಲ್ಲಿದ್ದೇನೆ. ಈಗ ದ್ರಾಕ್ಷಿ ಚಾಟ್ನಿ ಕಾಲ, ಅಂದರೆ ಬಳ್ಳಿ ಕತ್ತರಿಸುವ ಕಾಲ. ತಿಕೋಟಾ, ಬಬಲೇಶ್ವರ ಕಡೆಯ ರೈತರು ಬೆಳಿಗ್ಗೆಯೇ ಬಂದು ನಿಂತಿರುತ್ತಾರೆ. ಒಂದೇ ಹೊತ್ತಿಗೆ ಹತ್ತು ಜನರ ಚೀಟಿ ನೋಡಿ ಮಾಲು ಕೊಡುತ್ತೇನೆ, ಉದ್ರಿ ಖಾತೆ ಬರೆಯುತ್ತೇನೆ. ತಪ್ಪಾಗುವುದಿಲ್ಲ. ಆದರೆ ರಾತ್ರಿ ಒಂಬತ್ತಕ್ಕೆ ಮನೆಯ ಕೀಲಿ ತೆಗೆದು ಒಳಗೆ ಬಂದರೆ, ಕಾಟಿನ ಮೇಲೆ ಉಳಿದ ಅರ್ಧ ಜಾಗದಲ್ಲಿ ಕುಳಿತು ಮೊಬೈಲ್ ಹಿಡಿದವನು ಹನ್ನೊಂದೂವರೆಗೇ ಏಳುವುದು. ಭಾನುವಾರ ಮಾಡೋಣ ಅನ್ನುತ್ತೇನೆ. ಭಾನುವಾರ ಅರ್ಧ ದಿನ ರಜೆ. ಅದೂ ಹೋಗುತ್ತದೆ.

ಹೆಂಡತಿ ವಿಡಿಯೋ ಕಾಲ್ ಮಾಡಿದಾಗ ಕ್ಯಾಲೆಂಡರ್ ಇರುವ ಗೋಡೆಯ ಕಡೆಗೇ ಕುಳಿತು ಮಾತಾಡುತ್ತೇನೆ. ಮೊನ್ನೆ "ಮಗಳಿಗೆ ಮನೆ ತೋರಿಸ್ರಿ" ಅಂದಳು. ನೆಟ್‌ವರ್ಕ್ ಇಲ್ಲ ಅಂತ ಸುಳ್ಳು ಹೇಳಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಶುರು ಮಾಡಲು ಆಗುತ್ತಿಲ್ಲ. ನಿಮಗೆ ಹೀಗೆ ಆಗಿತ್ತಾ? ಹೇಗೆ ಹೊರಗೆ ಬಂದಿರಿ?


ಸ್ಟೇಷನ್ ರೋಡ್

ಎರಡು ದಿನಕ್ಕೆ ಇಬ್ಬರು ಆಳು ಹಚ್ಚಿ, ಮುಗಿಯಿತು. ಇಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ?


ಗುಮ್ಮಟದ ಊರವ, ವಿಜಯಪುರ

ಅದನ್ನೂ ಯೋಚಿಸಿದೆ, ಸರ್. ಎರಡು ದಿನದಲ್ಲಿ ಮನೆ ಸ್ವಚ್ಛ ಆಗುತ್ತದೆ, ಮೂರನೇ ದಿನಕ್ಕೆ ನಾನು ಇದೇ ನಾನು. ಮಗಳು ಬಂದ ಮೇಲೆ ದಿನಾಲೂ ಕೆಲಸ ಇರುತ್ತದೆ. ಅವಳ ತಾಯಿ ಒಬ್ಬಳೇ ಮಾಡಬಾರದು. ಅದಕ್ಕೆ ಈಗಲೇ ಕಲಿಯಬೇಕು ಅಂತ ಆಸೆ.


ಟಿಳಕವಾಡಿ ಅಕ್ಕ, ಬೆಳಗಾವಿ

ತಮ್ಮಾ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಅಂಗಡಿಯಲ್ಲಿ ಗಿರಾಕಿ ಎದುರು ನಿಂತಿರುತ್ತಾನೆ. "ಎರಡು ಲೀಟರ್ ಕೊಡ್ರಿ" ಅನ್ನುತ್ತಾನೆ. ಏನು ಬೇಕು, ಎಷ್ಟು ಬೇಕು, ಯಾವಾಗ ಮುಗಿಯಿತು, ಎಲ್ಲ ಗೊತ್ತಾಗುತ್ತದೆ. ಮನೆಯಲ್ಲಿ ಗಿರಾಕಿ ಇಲ್ಲ. "ಮನೆ ಸ್ವಚ್ಛ ಮಾಡು" ಅನ್ನುವ ಚೀಟಿ ಹಿಡಿದು ಯಾರಾದರೂ ನಿಮ್ಮ ಅಂಗಡಿಗೆ ಬಂದರೆ ಏನು ತೆಗೆದುಕೊಡುತ್ತೀರಿ? ಅದು ಕೆಲಸದ ಹೆಸರೇ ಅಲ್ಲ.

ನನ್ನ ಕಥೆ ಮಳೆಗಾಲದ್ದು. ನಮ್ಮ ಬೆಳಗಾವಿಯಲ್ಲಿ ಜೂನ್ ಹಿಡಿದರೆ ಬಟ್ಟೆ ಒಣಗುವುದಿಲ್ಲ. ಒಳಗೇ ಹಗ್ಗ ಕಟ್ಟಬೇಕು. ಹೋದ ವರ್ಷ ಜುಲೈಯಲ್ಲಿ ನನ್ನ ಮನೆಯಲ್ಲಿ ಕುರ್ಚಿ ಕಾಣುತ್ತಿರಲಿಲ್ಲ, ಬರೀ ಬಟ್ಟೆ. ನೋಡಿದರೇ ಸುಸ್ತು. ಆಗ ನಾನು ಮಾಡಿದ್ದು ಇಷ್ಟೇ. ಅನ್ನಕ್ಕೆ ಕುಕ್ಕರ್ ಇಟ್ಟೆ, ಮೂರು ಸೀಟಿ ಆಗುವವರೆಗೆ ಬಟ್ಟೆ ಮಡಚುವುದು, ಮೂರನೇ ಸೀಟಿಗೆ ಬಿಡುವುದು. ಹೇಗಿದ್ದರೂ ಕುಕ್ಕರ್ ಮುಂದೆ ಸುಮ್ನೆ ನಿಂತಿರುತ್ತಿದ್ದೆ, ಅಲ್ವಾ? ಮೊದಲ ದಿನ ಹನ್ನೊಂದು ಬಟ್ಟೆ ಆಯಿತು. ಎಣಿಸಿದ್ದೇನೆ. ನಾಲ್ಕನೇ ದಿನ ಸೀಟಿ ಆದಮೇಲೂ ಕೈ ಬಿಡಲಿಲ್ಲ.

ನಿಮ್ಮ ಮನೆಯಲ್ಲಿ ಹೇಗಿದ್ದರೂ ನಡೆಯುವ ಕೆಲಸ ಯಾವುದಿದೆ ನೋಡಿ. ಚಹಾ ಕುದಿಯುತ್ತದೆ. ನಳ ಬರುತ್ತದೆ. ಅದಕ್ಕೊಂದು ಸಣ್ಣ ಕೆಲಸ ಕಟ್ಟಿ. ಮತ್ತೆ ಹೊರಗಿನಿಂದ ಬಂದ ಕೂಡಲೇ ಕಾಟಿನ ಮೇಲೆ ಕೂಡಬೇಡಿ. ಚಪ್ಪಲಿ ಬಿಟ್ಟವರು ನೇರ ಅಡುಗೆಮನೆಗೆ ಹೋಗಿ ಆ ನಾಲ್ಕು ಲೋಟ ತೊಳೆದು ಆಮೇಲೆ ಕೂತುಕೊಳ್ಳಿ. ಕೂತ ಮೇಲೆ ಏಳುವುದು ಕಷ್ಟ, ನಿಂತವರಿಗೆ ಅಷ್ಟು ಕಷ್ಟ ಅಲ್ಲ.

ಇನ್ನೊಂದು. ಗಿರಾಕಿ ಬೇಕು ಅಂದೆನಲ್ಲ, ಆ ಗಿರಾಕಿ ನಿಮ್ಮ ಹೆಂಡತಿಯೇ ಆಗಲಿ. ಕ್ಯಾಲೆಂಡರ್ ಗೋಡೆ ಬಿಟ್ಟು ಇದ್ದದ್ದನ್ನು ಇದ್ದ ಹಾಗೆ ತೋರಿಸಿ. ಬೈಯಬಹುದು. ಬೈದರೂ ಜೊತೆಗೆ ಇರುತ್ತಾಳೆ. ಫೋನ್ ಗೋಡೆಗೆ ಆನಿಸಿ, ಅವಳು ಮಗುವಿಗೆ ಹಾಲು ಕುಡಿಸುತ್ತಾ ಮಾತಾಡಲಿ, ನೀವು ಬಟ್ಟೆ ಮಡಚಿ.


ಹಿನ್ನೀರು, ಬಾಗಲಕೋಟೆ

ಅಣ್ಣಾ, ನಾನು ನವನಗರದಲ್ಲಿ ಇರುವವಳು, ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಹೇಳುತ್ತೇನೆ. ಅಕ್ಕ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ.

ಮುಂದೆ ಹಾಕುವುದು ಸಮಯದ ತೊಂದರೆ ಅಂತ ಬಹಳ ಜನ ತಿಳಿದಿದ್ದಾರೆ. ಇದರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ ಫ್ಯೂಷಿಯಾ ಸಿರೋಯ್ ಮತ್ತು ತಿಮೊತಿ ಪಿಚಿಲ್ 2013ರ ಲೇಖನದಲ್ಲಿ ಬೇರೆ ಮಾತು ಹೇಳಿದರು. ಆ ಕೆಲಸ ನೆನೆದರೆ ಮನಸ್ಸಿಗೆ ಹಿಂಸೆ ಆಗುತ್ತದೆ, ಆ ಹಿಂಸೆಯಿಂದ ಈ ಕ್ಷಣಕ್ಕೆ ತಪ್ಪಿಸಿಕೊಳ್ಳಲು ನಾವು ಕೆಲಸ ಮುಂದೆ ಹಾಕುತ್ತೇವೆ. ನಿಮ್ಮನ್ನೇ ನೋಡಿ. ಬಟ್ಟೆಯ ರಾಶಿ ನೋಡಿದರೆ ನಿಮಗೆ ಕಾಣುವುದು ಬಟ್ಟೆ ಅಲ್ಲ, ಹೆಂಡತಿಗೆ ಹೇಳಿದ ಸುಳ್ಳು, ಅವ್ವನಿಗೆ ಹೇಳದ ಮಾತು. ಅದಕ್ಕೇ ಕಣ್ಣು ಮೊಬೈಲ್ ಕಡೆ ಓಡುತ್ತದೆ. ಹಾಗಾಗಿ ನಿಮ್ಮನ್ನು ನೀವು ಬೈದುಕೊಂಡಷ್ಟೂ ರಾಶಿ ದೊಡ್ಡದಾಗುತ್ತದೆ. ದಯವಿಟ್ಟು ಬೈದುಕೊಳ್ಳಬೇಡಿ.

ಇನ್ನೊಂದು, ರೂಢಿ ಬೀಳಲು 21 ದಿನ ಸಾಕು ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಅದನ್ನು ನಂಬಿ 22ನೇ ದಿನ ನಿರಾಸೆ ಆಗಬೇಡಿ. ಲಂಡನ್ನಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ರೂಢಿ ಗಟ್ಟಿಯಾಗಲು ಸುಮಾರು 66 ದಿನ ಎಂದು ಲೆಕ್ಕ ಬಂತು. ಕೆಲವರಿಗೆ 18 ದಿನ, ಕೆಲವರಿಗೆ 12 ವಾರ ದಾಟಿ 254 ದಿನದವರೆಗೆ ಬೇಕಾದೀತು ಎಂಬ ಅಂದಾಜು. ನನಗೆ ಅದರಲ್ಲಿ ಇಷ್ಟವಾದದ್ದು ಬೇರೆ ಮಾತು. ನಡುವೆ ಒಂದು ದಿನ ತಪ್ಪಿದರೆ ರೂಢಿಗೆ ಹೆಚ್ಚೇನೂ ಪೆಟ್ಟು ಬೀಳಲಿಲ್ಲ. ಚಾಟ್ನಿ ಗದ್ದಲದಲ್ಲಿ ಒಂದು ದಿನ ಲೋಟ ಹಾಗೇ ಉಳಿದರೆ ಮರುದಿನ ತೊಳೆಯಿರಿ, ಅಷ್ಟೇ.


ಬಾಗೇವಾಡಿ ಕಾಕಾ

ತಮ್ಮಾ, ನಾನು ಕೃಷಿ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದವ. ನನಗೆ ಮನಸ್ಸಿನ ಶಾಸ್ತ್ರ ಗೊತ್ತಿಲ್ಲ. ಒಂದೇ ಒಂದು ಕೇಳುತ್ತೇನೆ. ಅಂಗಡಿಯ ಸ್ಯಾಂಪಲ್ ಬಾಟಲಿ, ಪುಡಿ ಪಾಕೀಟು ಏನಾದರೂ ಮನೆಯಲ್ಲಿ ಇಟ್ಟಿದ್ದೀಯಾ? ಔಷಧಿ ಅಂಗಡಿಯಲ್ಲಿ ಇರುವವರ ಮನೆಯಲ್ಲಿ ಇದ್ದೇ ಇರುತ್ತವೆ, ನೋಡಿದ್ದೇನೆ. ಇದ್ದರೆ ಬೇರೆ ಎಲ್ಲಾ ಬಿಡು, ಇವತ್ತು ರಾತ್ರಿ ಅದನ್ನು ಹೊರಗೆ ಹಾಕು. ಕೂಸು ಇನ್ನೆರಡು ಮೂರು ತಿಂಗಳಲ್ಲಿ ಅಂಬೆಗಾಲು ಇಡುತ್ತದೆ. ಕೈಗೆ ಸಿಕ್ಕದ್ದು ಬಾಯಿಗೆ. ಚಾಟ್ನಿ ಆದಮೇಲೆ ಬಳ್ಳಿಯ ಕಣ್ಣಿಗೆ, ಅಂದರೆ ಮೊಗ್ಗಿಗೆ, ಹಚ್ಚುವ ಹೈಡ್ರೋಜನ್ ಸೈನಮೈಡ್ ದೊಡ್ಡವರ ಚರ್ಮವನ್ನೇ ಸುಡುತ್ತದೆ.

ಅಂಗಡಿಯ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ ಹಾಕಬೇಡ. ಬಾಗಿಲ ಹೊರಗೆ ಒಂದು ಬಕೆಟ್ ಇಡು, ಬಂದ ಕೂಡಲೇ ಅದರಲ್ಲಿ ಬಿಚ್ಚಿ ಹಾಕು, ಬೇರೆಯಾಗಿ ಒಗೆ. ಕೈಕಾಲು ತೊಳೆದೇ ಕೂಸನ್ನು ಮುಟ್ಟು. ನಿಮ್ಮಕ್ಕ ಹೇಳಿದ ಹಾಗೆ ಬಂದ ಕೂಡಲೇ ಕಾಟಿನ ಮೇಲೆ ಕೂಡುವುದೂ ಇದರಿಂದಲೇ ತಪ್ಪುತ್ತದೆ.

ಬಚ್ಚಲದ ಬಿಳಿ ಪದರ ಗಡಸು ನೀರಿನ ಸುಣ್ಣ. ಹುಳಿ ಬಿದ್ದರೆ ಕರಗುತ್ತದೆ. ಇಂಡಿ ಕಡೆಯವನು, ನಿನಗೆ ನಿಂಬೆಹಣ್ಣಿಗೆ ಏನು ಬರ? ರಸ ಹಿಂಡಿ ಸವರಿ ಅರ್ಧ ತಾಸು ಬಿಟ್ಟು ತಿಕ್ಕು. ದಪ್ಪ ಇದ್ದರೆ ಎರಡು ಮೂರು ಸಲ. ಅವಸರಕ್ಕೆ ಬಚ್ಚಲದ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಮಾತ್ರ ಒಟ್ಟಿಗೆ ಹಾಕಬೇಡ. ಕ್ಲೋರಿನ್ ಏಳುತ್ತದೆ, ಮುಚ್ಚಿದ ಬಚ್ಚಲದಲ್ಲಿ ಜೀವಕ್ಕೇ ಅಪಾಯ.


ಗುಮ್ಮಟದ ಊರವ, ವಿಜಯಪುರ

ಹತ್ತು ದಿನ ಆಯಿತು, ಬರೆಯಲು ತಡವಾಯಿತು. ಕ್ಷಮಿಸಿ.

ಕಾಕಾ, ನೀವು ಹೇಳಿದ್ದು ಓದಿದಾಗ ಎದೆ ಧಸಕ್ಕೆಂದಿತು. ಅಡುಗೆಮನೆಯ ಕಟ್ಟೆಯ ಕೆಳಗೆ, ಬೆಲ್ಲದ ಡಬ್ಬಿಯ ಪಕ್ಕದಲ್ಲೇ ಏಳು ಸ್ಯಾಂಪಲ್ ಬಾಟಲಿ ಇದ್ದವು. ಎರಡರ ಮೇಲೆ ಚೀಟಿಯೂ ಹರಿದಿತ್ತು. ರಾತ್ರಿ ಹತ್ತು ಗಂಟೆಗೆ ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಗಾಡಿಯ ಡಿಕ್ಕಿಯಲ್ಲಿಟ್ಟು ಕೀಲಿ ಹಾಕಿದೆ, ಬೆಳಿಗ್ಗೆ ಮಾಲೀಕರ ಕೈಗೆ ಕೊಟ್ಟೆ. ಕಟ್ಟೆಯ ಕೆಳಗಿನ ಜಾಗವನ್ನು ಸೋಪಿನ ನೀರಿನಿಂದ ಮೂರು ಸಲ ಒರೆಸಿದೆ. ಆ ಬೆಲ್ಲ ಚೆಲ್ಲಿದೆ. ಆರು ತಿಂಗಳಲ್ಲಿ ಮೊದಲ ಸಲ ಯೋಚಿಸದೆ ಕೆಲಸಕ್ಕೆ ಎದ್ದೆ.

ಅಕ್ಕಾ, ಮರುದಿನ ಹೆಂಡತಿಗೆ ಮನೆ ತೋರಿಸಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಒಬ್ರೇ ಇದ್ರಿ, ನನಗೆ ಮೊದಲೇ ಹೇಳಬಾರದಾ" ಅಂದಳು. ಈಗ ದಿನಾ ರಾತ್ರಿ ಒಂಬತ್ತೂಕಾಲಿಗೆ ಅವಳೇ ಕಾಲ್ ಮಾಡುತ್ತಾಳೆ. ಕಾಟಿನ ಮೇಲಿನ ಬಟ್ಟೆ ಮುಗಿದಿದೆ. ಎರಡು ದಿನ ತಪ್ಪಿತು, ಅಂಗಡಿ ಮುಚ್ಚಿದ್ದೇ ಹತ್ತೂವರೆಗೆ. ಹಿನ್ನೀರು ಅವರ ಮಾತು ನೆನಪಾಗಿ ಮರುದಿನ ಮತ್ತೆ ಶುರು ಮಾಡಿದೆ. ಬಚ್ಚಲ ಅರ್ಧ ಆಗಿದೆ.

ಕೌದಿ ಮಾತ್ರ ಹಾಗೇ ಇವೆ. ನಮ್ಮ ಓಣಿಗೆ ನಾಲ್ಕು ದಿನಕ್ಕೊಮ್ಮೆ ಬೆಳಗಿನ ಐದಕ್ಕೆ ನಳ ಬರುತ್ತದೆ. ಅಷ್ಟರಲ್ಲಿ ಐದು ಕೌದಿ ಆಗುತ್ತವಾ?


ಟಿಳಕವಾಡಿ ಅಕ್ಕ, ಬೆಳಗಾವಿ

ಐದೂ ಒಂದೇ ದಿನ ಬೇಡ, ತಮ್ಮಾ. ಒಂದು ನಳಕ್ಕೆ ಒಂದು, ಹೆಚ್ಚೆಂದರೆ ಎರಡು. ರಾತ್ರಿಯೇ ನೆನೆಸಿಡಿ. ನೀರು ಕುಡಿದ ಕೌದಿ ಒಬ್ಬರಿಂದ ಹಿಂಡಲು ಆಗುವುದಿಲ್ಲ, ಆ ಕಡೆ ಒಬ್ಬರು ಹಿಡಿಯಬೇಕು. ಯಾರನ್ನಾದರೂ ಕರೆಯಿರಿ. ನಿಮ್ಮ ಊರಿನ ಬಿಸಿಲಿಗೆ ಸಂಜೆಯೊಳಗೆ ಒಣಗುತ್ತದೆ. ಮಗಳಿಗೆ ಹಾಸುವುದನ್ನು ಮೊದಲು ಒಗೆಯಿರಿ.


ಗುಮ್ಮಟದ ಊರವ, ವಿಜಯಪುರ

ಎದುರು ಮನೆಯ ಹುಡುಗನಿಗೆ ಹೇಳಿದೆ, ಐದೂವರೆಗೆ ಬರುತ್ತೇನೆ ಅಂದ. ಅವ್ವನಿಗೂ ಇವತ್ತು ಫೋನ್ ಮಾಡಿ ಹೇಳಿದೆ. ಬರಬೇಡ ಅಂತ ಮೊದಲೇ ಆಣೆ ಹಾಕಿಸಿಕೊಂಡೆ. ಹಸಿರು ಅಂಚಿನ ಕೌದಿ ಮೆತ್ತಗೆ, ಅದರ ಒಳಗೆ ನನ್ನ ಸಣ್ಣಂದಿನ ಅಂಗಿಗಳಿವೆ, ಅದನ್ನೇ ಕೂಸಿಗೆ ಹಾಸು ಅಂದಳು. ಈಗ ಅದನ್ನೇ ನೆನೆ ಹಾಕಿ ಬಂದೆ.