ಇಂಪ್ಲಾಂಟ್ ಮೇಲೆ ಕ್ಯಾಪ್: ಸ್ಕ್ರೂ ಒಳ್ಳೆಯದಾ, ಸಿಮೆಂಟಾ?

ಬಲಗಡೆ ಅಗಿಯುವವ ಕೇಳಿದ್ದು:

ಎಡಗಡೆ ಕೆಳಗಿನ ಒಂದು ದವಡೆ ಹಲ್ಲು ತೆಗೆಸಿ ಇಂಪ್ಲಾಂಟ್ (ಬೇರಿನ ಬದಲು ದವಡೆ ಮೂಳೆಯೊಳಗೆ ಕೂರಿಸುವ ಮೊಳೆ) ಹಾಕಿಸಿದ್ದೇನೆ. ಮೂಳೆಗೆ ಗಟ್ಟಿಯಾಗಿ ಕೂತಿದೆ ಅಂತ ಎಕ್ಸ್‌ರೇ ನೋಡಿ ಡಾಕ್ಟರ್ ಹೇಳಿದರು. ಈಗ ವಸಡಿನ ಮಟ್ಟದಲ್ಲಿ ಒಂದು ಲೋಹದ ಗುಂಡಿ ಮಾತ್ರ ಕಾಣುತ್ತದೆ. ಮುಂದಿನ ಸಲ ಅಳತೆ ತೆಗೆದು ಕ್ಯಾಪ್ ಮಾಡೋಕೆ ಕೊಡುತ್ತಾರಂತೆ. ಸ್ಕ್ರೂ ಹಾಕಿ ಕೂರಿಸೋದಾ, ಸಿಮೆಂಟ್ ಹಾಕಿ ಅಂಟಿಸೋದಾ ಅಂತ ನನ್ನನ್ನೇ ಕೇಳಿದರು. ನನಗೇನು ಗೊತ್ತು? ಯೋಚಿಸಿ ಹೇಳ್ತೀನಿ ಅಂತ ಬಂದೆ.

ನನಗೆ ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಬೇರೆ ಇದೆ. ಕ್ಯಾಪ್ ಹಾಕಿಸುವ ದಿನ ಏನೇನು ಗಮನಿಸಬೇಕು? ಆಮೇಲೆ ಹೇಗೆ ನೋಡಿಕೊಳ್ಳಬೇಕು? ಜಾಹೀರಾತು ಬೇಡ, ಅನುಭವ ಇರುವವರು ಹೇಳಿ.

---

ಲ್ಯಾಬಿನವ ಉತ್ತರ:

ನಾನು ಡಾಕ್ಟರ್ ಅಲ್ಲ, ಲ್ಯಾಬಿನಲ್ಲಿ ಕೂತು ಕ್ಯಾಪ್ ಮಾಡುವವನು. ನಿಮ್ಮ ಬಾಯಿ ನೋಡಿದವರ ಮಾತೇ ಕೊನೆಯದು. ಆದರೆ ವಾಪಸ್ ಬರುವ ಕ್ಯಾಪ್‌ಗಳನ್ನು ನೋಡಿ ನೋಡಿ ಒಂದಷ್ಟು ಅಭಿಪ್ರಾಯ ಕಟ್ಟಿಕೊಂಡಿದ್ದೇನೆ.

ದವಡೆ ಹಲ್ಲಾದರೆ ನನ್ನ ಓಟು ಸ್ಕ್ರೂಗೆ. ಅಗಿಯುವ ಜಾಗದ ನಡುವೆ ಒಂದು ಸಣ್ಣ ತೂತು ಇರುತ್ತದೆ. ಅದರೊಳಗಿಂದ ಸ್ಕ್ರೂ ಬಿಗಿದು, ಸ್ಕ್ರೂ ತಲೆಯ ಮೇಲೆ ಟೆಫ್ಲಾನ್ ಟೇಪ್ ತುರುಕಿ, ಮೇಲೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕುತ್ತಾರೆ. ಹತ್ತಿರದಿಂದ ನೋಡಿದರೆ ಆ ಗುರುತು ಕಾಣುತ್ತದೆ, ಇಲ್ಲ ಅನ್ನಲ್ಲ. ಆದರೆ ನಾಳೆ ಏನೇ ತೊಂದರೆ ಬಂದರೂ ಬಿಚ್ಚಬಹುದು. ಅದೇ ದೊಡ್ಡ ಲಾಭ.

ಸಿಮೆಂಟ್ ಹಾಕಿದರೆ ತೂತು ಇರಲ್ಲ, ನೋಟಕ್ಕೆ ಚೆಂದ. ತೊಂದರೆ ಬರುವುದು ಕ್ಯಾಪ್ ಒತ್ತಿದಾಗ ಹೊರಗೆ ಉಕ್ಕುವ ಸಿಮೆಂಟಿನಿಂದ. ಸ್ವಂತ ಹಲ್ಲಿನ ಬೇರಿಗೆ ವಸಡು ನಾರುಗಳಿಂದ ಬಿಗಿಯಾಗಿ ಅಂಟಿರುತ್ತದೆ. ಇಂಪ್ಲಾಂಟ್ ಸುತ್ತ ಆ ಬಿಗಿ ಇಲ್ಲ, ಸಿಮೆಂಟ್ ಸಲೀಸಾಗಿ ಕೆಳಗೆ ಇಳಿಯುತ್ತದೆ. ಅಲ್ಲಿ ಉಳಿದ ಚೂರು ಕಣ್ಣಿಗೆ ಬೀಳಲ್ಲ, ಎಷ್ಟೋ ಸಲ ಎಕ್ಸ್‌ರೇಯಲ್ಲೂ ಸಿಗಲ್ಲ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ವಸಡು ಊದಿ, ಕೀವಾಗಿ, ಸುತ್ತಲಿನ ಮೂಳೆ ಕರಗಲು ಶುರುವಾಗಬಹುದು. ಹಾಗಂತ ಸಿಮೆಂಟ್ ತಪ್ಪು ಅಂತಲ್ಲ. ಮುಂದಿನ ಹಲ್ಲಿನಲ್ಲಿ ಇಂಪ್ಲಾಂಟ್ ಓರೆಯಾಗಿ ಕೂತು ತೂತು ತುಟಿಯ ಕಡೆಗೆ ಬರುವಂತಿದ್ದರೆ ಅದೇ ದಾರಿ ಆಗಬಹುದು. ಆಗ ಅಂಟಿಸುವ ಅಂಚನ್ನು ವಸಡಿನ ಮಟ್ಟಕ್ಕೆ ಹತ್ತಿರ ಇಟ್ಟರೆ ಒರೆಸಿ ತೆಗೆಯಲು ಕೈಗೆ ಸಿಗುತ್ತದೆ.

ಜಿರ್ಕೋನಿಯಾನಾ (ಬಿಳಿ, ಗಟ್ಟಿ ಸೆರಾಮಿಕ್), ಲೋಹದ ಮೇಲೆ ಪಿಂಗಾಣಿಯಾ ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಹಲ್ಲು ಕಡಿಯುವವರಿಗೆ ಪೂರ್ತಿ ಜಿರ್ಕೋನಿಯಾ ಹೊಂದುತ್ತದೆ, ಯಾಕೆಂದರೆ ಮೇಲೆ ಸಿಡಿದು ಹೋಗುವ ಪಿಂಗಾಣಿ ಪದರವೇ ಇರಲ್ಲ. ಅಷ್ಟೇ, ಅದರ ಬಗ್ಗೆ ಜಾಸ್ತಿ ಹೇಳೋಕೆ ಏನೂ ಇಲ್ಲ. ಆಕಾರದ ಬಗ್ಗೆ ಯಾರೂ ಕೇಳಲ್ಲ, ನೋಡಿ! ದವಡೆಯ ಇಂಪ್ಲಾಂಟ್ ದಪ್ಪ ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್. ಅದರ ಮೇಲೆ ಕೂರುವ ಹಲ್ಲಿನ ಅಗಲ ಸುಮಾರು 10 ಮಿಲಿಮೀಟರ್. ವಸಡಿನಿಂದ ಹೊರಬಂದ ಕೂಡಲೇ ಅಣಬೆ ಥರ ಅಗಲವಾಗಿಬಿಟ್ಟರೆ ಕೆಳಗೆ ಬ್ರಷ್ ಹೋಗಲ್ಲ. "ಎರಡೂ ಪಕ್ಕ ಸಣ್ಣ ಬ್ರಷ್ ಹೋಗಲು ದಾರಿ ಬಿಡಿ" ಅಂತ ಲ್ಯಾಬಿನ ಚೀಟಿಯಲ್ಲಿ ಡಾಕ್ಟರ್ ಒಂದು ಸಾಲು ಬರೆದರೆ ನಮಗೆ ಸಾಕು.

ಕೂರಿಸುವ ದಿನ ಅವಸರ ಮಾಡಬೇಡಿ. ಒತ್ತಡಕ್ಕೆ ವಸಡು ಬೆಳ್ಳಗಾಗುತ್ತದೆ. ಕೆಲವು ನಿಮಿಷದಲ್ಲಿ ಬಣ್ಣ ವಾಪಸ್ ಬರಬೇಕು. ಪಕ್ಕದ ಹಲ್ಲುಗಳ ನಡುವೆ ಫ್ಲಾಸ್ (ಸಂದಿ ಕ್ಲೀನ್ ಮಾಡುವ ದಾರ) ಎಳೆದಾಗ ಸ್ವಲ್ಪ ತಡೆದು ಒಳಗೆ ಹೋಗಬೇಕು. ಪೂರ್ತಿ ಕೆಳಗೆ ಕೂತಿದೆಯಾ ಅಂತ ಒಂದು ಎಕ್ಸ್‌ರೇ ತೆಗೆಯುತ್ತಾರೆ. ಆಮೇಲೆ ಬಣ್ಣದ ಕಾಗದ ಕಚ್ಚಿಸುತ್ತಾರೆ. ಇಲ್ಲೊಂದು ಸೂಕ್ಷ್ಮ ಇದೆ. ಸ್ವಂತ ಹಲ್ಲಿನ ಬೇರಿನ ಸುತ್ತ ತೆಳು ನಾರಿನ ಪದರ ಇರುತ್ತದೆ, ಕಚ್ಚಿದಾಗ ಹಲ್ಲು ಕೂದಲೆಳೆಯಷ್ಟು ಒಳಗೆ ಇಳಿಯುತ್ತದೆ. ಇಂಪ್ಲಾಂಟ್ ಮೂಳೆಗೇ ಅಂಟಿರುವುದರಿಂದ ಇಳಿಯಲ್ಲ. ಎಲ್ಲ ಹಲ್ಲಿನಷ್ಟೇ ಎತ್ತರ ಇಟ್ಟರೆ ಗಟ್ಟಿ ಕಚ್ಚಿದಾಗ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ಅದಕ್ಕೇ ಮೆಲ್ಲಗೆ ಕಚ್ಚಿದಾಗ ತೆಳು ಹಾಳೆ ಜಾರಿ ಬರಬೇಕು, ಬಲವಾಗಿ ಕಚ್ಚಿದಾಗ ಮಾತ್ರ ಸಿಕ್ಕಿಕೊಳ್ಳಬೇಕು. "ಎತ್ತರ ಅನಿಸ್ತಿದೆಯಾ?" ಅಂತ ಕೇಳಿದಾಗ ಸಂಕೋಚಕ್ಕೆ ಇಲ್ಲ ಅನ್ನಬೇಡಿ.

ಸ್ಕ್ರೂವನ್ನು ಬಿಗಿಯುವ ಬಲ ಅಳೆದು ತೋರಿಸುವ ಟಾರ್ಕ್ ರೆಂಚ್‌ನಲ್ಲಿ ಬಿಗಿಯಬೇಕು. ಎಷ್ಟು ಬಲ ಅನ್ನುವುದನ್ನು ಆಯಾ ಕಂಪನಿ ಹೇಳಿರುತ್ತದೆ, ಹೆಚ್ಚಾಗಿ 30-35 ನ್ಯೂಟನ್ ಸೆಂಟಿಮೀಟರ್ ಆಸುಪಾಸು. ಇಂಪ್ಲಾಂಟ್ ಕಂಪನಿ, ಮಾದರಿ, ಅಳತೆ ಬರೆದ ಕಾರ್ಡ್ ಕೇಳಿ ಇಸ್ಕೊಳ್ಳಿ. ಪ್ರತಿ ಕಂಪನಿಯ ಸ್ಕ್ರೂ, ಅದರ ಡ್ರೈವರ್ ಬೇರೆ ಬೇರೆ ಇರಬಹುದು. ಕಾರ್ಡ್ ಇಲ್ಲದೆ ಹೊಸ ಡಾಕ್ಟರ್ ಹತ್ತಿರ ಹೋದರೆ ಅವರು ಎಕ್ಸ್‌ರೇ ನೋಡಿ ಊಹೆ ಮಾಡುತ್ತಾ ಕೂರಬೇಕು.

ಈಗಿರುವ ಗುಂಡಿ ಸಡಿಲವಾದರೆ ಅಥವಾ ಬಿದ್ದರೆ ಕೂಡಲೇ ಫೋನ್ ಮಾಡಿ. ವಸಡು ಬಹಳ ಬೇಗ ಮುಚ್ಚಿಕೊಳ್ಳುತ್ತದೆ.

---

ನೈಟ್‌ಗಾರ್ಡ್ ಅಕ್ಕ ಉತ್ತರ:

ನಾನೂ ಹಲ್ಲು ಕಡಿಯುವ ಪಾರ್ಟಿ. ನನ್ನದು ಸ್ಕ್ರೂ ಕ್ಯಾಪ್. ಒಂದು ದಿನ ನಾಲಿಗೆ ತಾಗಿಸಿದಾಗ ಸ್ವಲ್ಪ ತಿರುಗಿದ ಹಾಗಾಯಿತು. ನೋವಿಲ್ಲ, ಬರೀ ಒಂಥರಾ ಕೆಟ್ಟ ರುಚಿ. ಇಂಪ್ಲಾಂಟೇ ಹೋಯಿತು ಅಂತ ಕೈಕಾಲು ತಣ್ಣಗಾಯಿತು. ನೋಡಿದರೆ ಒಳಗಿನ ಸ್ಕ್ರೂ ಸಡಿಲವಾಗಿತ್ತು, ಅಷ್ಟೇ. ಮೇಲಿನ ಫಿಲ್ಲಿಂಗ್ ಕೊರೆದು, ಬಿಳಿ ಟೇಪ್ ಎಳೆದು ತೆಗೆದು, ಹೊಸ ಸ್ಕ್ರೂ ಹಾಕಿ ಬಿಗಿದರು. ಇಂಜೆಕ್ಷನ್ ಕೂಡ ಬೇಕಾಗಲಿಲ್ಲ.

ಅಲ್ಲಾಡುತ್ತಿದೆ ಅನಿಸಿದರೆ ಆ ಕಡೆ ಅಗಿಯಬೇಡಿ, ಸ್ಕ್ರೂ ಒಳಗೇ ಮುರಿದರೆ ತೆಗೆಯುವುದು ದೊಡ್ಡ ರಗಳೆ. ಕ್ಯಾಪ್ ಕೈಗೇ ಬಂದರೆ ಅಂಗಡಿ ಅಂಟು ಹಾಕಿ ಕೂರಿಸಲು ಹೋಗಬೇಡಿ, ಡಬ್ಬಿಯಲ್ಲಿಟ್ಟು ತಗೊಂಡು ಹೋಗಿ. ಹಲ್ಲು ಕಡಿತದಿಂದ ಕಾಪಾಡಲು ರಾತ್ರಿ ಹಲ್ಲಿನ ಮೇಲೆ ಹಾಕುವ ಗಾರ್ಡ್ ಮಾತ್ರ ಕ್ಯಾಪ್ ಕೂರಿಸಿದ ಮೇಲೇ ಮಾಡಿಸಿ. ಮೊದಲೇ ಮಾಡಿಸಿದರೆ ಹೊಸ ಹಲ್ಲಿಗೆ ಅದು ಹೊಂದಲ್ಲ.

---

ಅಮ್ಮನ ಹಲ್ಲಿನ ಉಸ್ತುವಾರಿ ಉತ್ತರ:

ಅಮ್ಮನ ಎರಡು ಇಂಪ್ಲಾಂಟ್ ಕ್ಯಾಪ್ ನೋಡಿಕೊಳ್ಳುವ ಕೆಲಸ ನನ್ನದು. ಅಮ್ಮ ಹೇಳುವುದು, "ಹುಳುಕು ಹಿಡಿಯಲ್ವಲ್ಲ, ಇನ್ಯಾಕೆ ಇಷ್ಟು ಉಜ್ಜೋದು?" ಹುಳುಕು ಹಿಡಿಯಲ್ಲ, ನಿಜ. ವಸಡಿಗೆ, ಮೂಳೆಗೆ ರೋಗ ಬರುತ್ತದೆ ಅಲ್ವಾ? ಅದು ಶುರುವಿನಲ್ಲಿ ನೋಯುವುದೂ ಕಡಿಮೆ. ಬ್ರಷ್‌ಗೆ ರಕ್ತ ಅಂಟಿದರೆ ಅದೇ ಸೂಚನೆ. ವಸಡು ಮಾತ್ರ ಕೆರಳಿರುವ ಹಂತದಲ್ಲಿ ಹೋದರೆ ಸರಿಹೋಗುತ್ತದೆ. ಹೋದ ಮೂಳೆಯನ್ನು ಮತ್ತೆ ಬೆಳೆಸುವುದು ಕಷ್ಟ.

ಮೆತ್ತನೆ ಬ್ರಷ್ ಅನ್ನು ವಸಡು-ಕ್ಯಾಪ್ ಸೇರುವ ಗೆರೆಯ ಮೇಲೆ ಓಡಿಸಬೇಕು. ಸಂದಿಗೆ ಪುಟ್ಟ ಬ್ರಷ್ ಬರುತ್ತದೆ. ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನೇ ತಗೊಳ್ಳಿ, ಸೈಜ್ ಡಾಕ್ಟರ್ ನೋಡಿ ಹೇಳಲಿ. ನಾಲಿಗೆಯ ಕಡೆಯಿಂದಲೂ ತೂರಿಸಿ, ಅಮ್ಮನಿಗೆ ಕೊಳೆ ಕೂರುವುದು ಅಲ್ಲೇ. ನೀರು ಚಿಮ್ಮಿಸುವ ಯಂತ್ರ ಒಳ್ಳೆಯದೇ, ಆದರೆ ಬ್ರಷ್ ಬದಲಿಗೆ ಅಲ್ಲ. ಕ್ಲೀನಿಂಗ್‌ಗೆ ಹೋದಾಗ ಇದು ಇಂಪ್ಲಾಂಟ್ ಅಂತ ಮೊದಲೇ ಹೇಳಿ, ಅದಕ್ಕೆ ಬಳಸುವ ಉಪಕರಣದ ತುದಿ ಬೇರೆ. ಕೂರಿಸಿದ ದಿನದ ಎಕ್ಸ್‌ರೇ ಕಾಪಿ ಜೋಪಾನ ಮಾಡಿ. ಮುಂದೆ ಮೂಳೆ ಇಳಿದಿದೆಯಾ ಅಂತ ನೋಡಲು ಅದಕ್ಕೇ ಹೋಲಿಸುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಹಿಡಿತದಲ್ಲಿಡಿ. ಸಿಗರೇಟ್ ಇದ್ದರೆ... ನಿಮಗೇ ಗೊತ್ತು.

---

ಬಲಗಡೆ ಅಗಿಯುವವ:

ಎಲ್ಲರಿಗೂ ಥ್ಯಾಂಕ್ಸ್. ಸ್ಕ್ರೂ ಅಂತಲೇ ಹೇಳ್ತೀನಿ. ಇನ್ನೊಂದೇ ಪ್ರಶ್ನೆ. ಕೆಲವು ವರ್ಷ ಆದಮೇಲೆ ಕ್ಯಾಪ್‌ಗೂ ಪಕ್ಕದ ಹಲ್ಲಿಗೂ ನಡುವೆ ಸಂದು ಬಿಡುತ್ತದಂತೆ, ಊಟ ಸಿಕ್ಕಿಕೊಳ್ಳುತ್ತದಂತೆ. ಹೌದಾ?

---

ಲ್ಯಾಬಿನವ:

ಬಿಡಬಹುದು, ಅದರಲ್ಲೂ ಮುಂದಿನ ಹಲ್ಲಿನ ಕಡೆ. ಸ್ವಂತ ಹಲ್ಲುಗಳು ಜೀವನಪೂರ್ತಿ ಸ್ವಲ್ಪ ಸ್ವಲ್ಪ ಮುಂದಕ್ಕೆ ಸರಿಯುತ್ತಿರುತ್ತವೆ. ಇಂಪ್ಲಾಂಟ್ ಇದ್ದಲ್ಲೇ ಇರುತ್ತದೆ. ಇದಕ್ಕೆ ಮಾಡಿದವರನ್ನು ಬೈದು ಪ್ರಯೋಜನ ಇಲ್ಲ. ಮೊದಲು ಬಿಗಿಯಾಗಿದ್ದ ಜಾಗದಲ್ಲಿ ಫ್ಲಾಸ್ ತಡೆಯಿಲ್ಲದೆ ಹೋಗಲು ಶುರುವಾದರೆ ತೋರಿಸಿ. ಊಟ ಸಿಕ್ಕಿಕೊಂಡರೆ ಹುಳುಕು ಹಿಡಿಯುವುದು ಪಕ್ಕದ ಸ್ವಂತ ಹಲ್ಲಿಗೆ. ಸ್ಕ್ರೂ ಕ್ಯಾಪ್ ಆದರೆ ಬಿಚ್ಚಿ ನಮಗೆ ಕಳಿಸುತ್ತಾರೆ. ಎಷ್ಟೋ ಸಲ ಪಕ್ಕಕ್ಕೆ ಒಂದಿಷ್ಟು ಪಿಂಗಾಣಿ ಸೇರಿಸಿ ಸುಟ್ಟು, ಪಾಲಿಶ್ ಮಾಡಿ ಅದನ್ನೇ ವಾಪಸ್ ಕೊಡುತ್ತೇವೆ. ಸಿಮೆಂಟ್ ಕ್ಯಾಪ್ ಆದರೆ ಎಷ್ಟೋ ಸಲ ಕತ್ತರಿಸಿ ಹೊಸದೇ ಮಾಡಬೇಕಾಗುತ್ತದೆ.