ಪುಟ್ಟಾ, ಆ ರನ್ನಿಂಗ್ ಬ್ಯಾಕ್ ಸಹವಾಸ ಬೇಡ

ಪುಟ್ಟಾ, ಅತ್ತೆ ಮಾತಾಡುತ್ತಿದ್ದೇನೆ. ಟೈಪ್ ಮಾಡುತ್ತಾ ಕೂತರೆ ಮಧ್ಯಾಹ್ನ ಆಗುತ್ತದೆ, ಅದಕ್ಕೆ ಹೀಗೇ ಮಾತಾಡಿ ಕಳಿಸುತ್ತೇನೆ. ಉದ್ದ ಆಯಿತು ಅಂತ ಯಾರೂ ಗೊಣಗಬೇಡಿ. ಪುರಸೊತ್ತಿಲ್ಲದವರು ಕೇಳಬೇಡಿ, ಅಷ್ಟೇ.

ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ್ದನ್ನು ಈಗ ಕಾಫಿ ಕುಡಿಯುತ್ತಾ ನೋಡಿದೆ. ನಾವೆಲ್ಲಾ ಫೋನಿನಲ್ಲಿ ಒಂದೊಂದು ಟೀಮ್ ನಡೆಸೋ ನಮ್ಮ ಅಮೆರಿಕನ್ ಫುಟ್‌ಬಾಲ್ ಆಟದ ಲೀಗಿನ ಹೊಸ ಸೀಸನ್ ಈ ವಾರ ಶುರು. ಚೆಂಡು ಎಸೆದು ಆಟ ನಡೆಸೋ ನಿನ್ನ ಕ್ವಾರ್ಟರ್‌ಬ್ಯಾಕ್‌ಗೆ 36 ವರ್ಷ ಆಯಿತು. ಸ್ಯಾಲರಿ ಕ್ಯಾಪ್, ಅಂದರೆ ಟೀಮಿನ ಒಟ್ಟು ಸಂಬಳದ ಮಿತಿ, ಮೀರಿದೆ. ಚೆಂಡು ಹಿಡಿದು ಓಡೋ ರನ್ನಿಂಗ್ ಬ್ಯಾಕ್, ದೊಡ್ಡ ಹೆಸರಿನವನು ಒಬ್ಬ ಸಿಗುತ್ತಾನೆ, ಬದಲಿಗೆ ಎರಡು ವರ್ಷದ ಫಸ್ಟ್ ರೌಂಡ್ ಪಿಕ್, ಅಂದರೆ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಹೊಸ ಆಟಗಾರನನ್ನು ಆರಿಸಿಕೊಳ್ಳೋ ಸರದಿ, ಕೇಳುತ್ತಿದ್ದಾರೆ. ಇವತ್ತು ಮಂಗಳವಾರ ರಾತ್ರಿಗೆ ಎಲ್ಲಾ ಬಂದ್. ಕೊಟ್ಟುಬಿಡಲಾ ಅತ್ತೆ, ನಿದ್ದೆ ಬರುತ್ತಿಲ್ಲ ಅಂತ ಬರೆದಿದ್ದೀಯ. ಕೆಳಗೆ ಅಳುವ ಮುಖ ಬೇರೆ.

ಕೊಡಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಮುಂದಿನ ವರ್ಷದ ಪಿಕ್ ಕೊಟ್ಟು ಈ ವರ್ಷಕ್ಕೆ ರನ್ನಿಂಗ್ ಬ್ಯಾಕ್ ತರಬೇಡ.

ಅವನ ವಯಸ್ಸು ನೋಡಿದೆಯಾ ನೀನು? ನಾನು ನೋಡಿದೆ. 28. ಹೋದ ಸೀಸನ್‌ನಲ್ಲಿ 1,400 ಯಾರ್ಡ್ ಓಡಿದ್ದಾನೆ ಅಂತ ಬಾಯಿ ಬಿಡಬೇಡ. ಅದು ಹೋದ ಸೀಸನ್. ಪ್ರತಿ ಸಲ ಚೆಂಡು ಹಿಡಿದು ನುಗ್ಗಿದಾಗಲೂ ಯಾರೋ ಬಂದು ಗುದ್ದಿ ಬೀಳಿಸುತ್ತಾರೆ, ಮೈ ಎಷ್ಟು ದಿನ ತಡೆಯುತ್ತದೆ? 27, 28 ದಾಟಿದರೆ ಇಳಿಜಾರು ಶುರು. ಅಮೆರಿಕದ ನಿಜವಾದ ಲೀಗಿನಲ್ಲೂ ಹಾಗೇ, ನಮ್ಮ ಆಟದಲ್ಲೂ ಹಾಗೇ.

ಕ್ವಾರ್ಟರ್‌ಬ್ಯಾಕ್ ಕಥೆ ಬೇರೆ. 36 ಅಂತ ಅವನಿಗೋಸ್ಕರ ಅಳಬೇಡ. ಟಾಮ್ ಬ್ರೇಡಿ ಅನ್ನೋ ಕ್ವಾರ್ಟರ್‌ಬ್ಯಾಕ್ 43ನೇ ವಯಸ್ಸಿನಲ್ಲಿ ಸೂಪರ್ ಬೌಲ್, ಅಂದರೆ ನಿಜವಾದ ಲೀಗಿನ ಫೈನಲ್, ಗೆದ್ದ. 45ರವರೆಗೆ ಆಡಿದ. ಅವನನ್ನು 2000ದ ಡ್ರಾಫ್ಟ್‌ನಲ್ಲಿ ತೆಗೆದುಕೊಂಡದ್ದು ಎಷ್ಟನೇ ಪಿಕ್‌ನಲ್ಲಿ ಹೇಳು? 199ನೇದು. ಆರನೇ ಸುತ್ತು. ಪಿಕ್ ಅಂದರೆ ಸಾಮಾನ್ಯ ಅಲ್ಲ ಪುಟ್ಟಾ, ನೀನು ಮೊದಲ ಸುತ್ತಿನದ್ದನ್ನೇ ಎರಡೆರಡು ಕೊಡೋಕೆ ಹೊರಟಿದ್ದೀಯ.

ಈಗ ನನ್ನ ಟೀಮಿನ ಕಥೆ ಹೇಳುತ್ತೇನೆ. ನಿಮ್ಮೆಲ್ಲರಿಗೂ ಅರ್ಧ ಗೊತ್ತು, ಉಳಿದರ್ಧ ಯಾರೂ ಕೇಳಿಲ್ಲ.

ನನಗೆ ಕಣ್ಣಿನ ಪೊರೆ ಆಪರೇಷನ್ ಆಯಿತಲ್ವಾ, ಆಗ. ಸ್ವಲ್ಪ ದಿನ ಫೋನ್, ಟೀವಿ ಏನೂ ನೋಡಬೇಡಿ ಅಂತ ಡಾಕ್ಟರ್ ಹೇಳಿದ್ದರು. ಸೀಸನ್ ಶುರುವಾಗೋಕೆ ಸರಿಯಾಗಿ ಅದೇ ಹೊತ್ತು. ಡಲ್ಲಾಸ್‌ನಲ್ಲಿರೋ ನನ್ನ ಮಗನಿಗೆ ಪಾಸ್‌ವರ್ಡ್ ಕೊಡೋಣ ಅಂದುಕೊಂಡೆ. ಅವನದ್ದೂ ಅದೇ ಲೀಗಿನಲ್ಲಿ ಟೀಮ್ ಇದೆ, ಸರಿ ಹೋಗಲ್ಲ. ಅಷ್ಟರಲ್ಲಿ ನಿನ್ನ ಚಿಕ್ಕಪ್ಪ, ಹೌದು, ನನ್ನ ತಮ್ಮನೇ, ಇದೇ ಗ್ರೂಪಿನಲ್ಲಿದ್ದಾನೆ, ಕೇಳಿಸಿಕೊಳ್ಳಲಿ, ಅವನು ಬಂದು "ಅಕ್ಕಾ, ನಾನು ನೋಡ್ಕೋತೀನಿ, ನೀನು ಆರಾಮಾಗಿ ಮಲಕ್ಕೋ" ಅಂದ. ಆಗ ಅವನಿಗೆ ಸ್ವಂತ ಟೀಮ್ ಇರಲಿಲ್ಲ. ನಾನು ಹೇಳಿದ್ದು ಒಂದೇ ಮಾತು. ವಾರಕ್ಕೊಮ್ಮೆ ಡೆಪ್ತ್ ಚಾರ್ಟ್, ಅಂದರೆ ಯಾವ ಜಾಗದಲ್ಲಿ ಯಾರು ಆಡುತ್ತಾರೆ ಅನ್ನೋ ಪಟ್ಟಿ, ನೋಡು, ಯಾರಿಗಾದರೂ ಪೆಟ್ಟಾಗಿದ್ದರೆ ಬದಲಿಯವನನ್ನು ಮೇಲೆ ಹಾಕು, ಬೇರೆ ಏನನ್ನೂ ಮುಟ್ಟಬೇಡ. ಮುಟ್ಟಬೇಡ ಅಂತ ಎರಡು ಸಲ ಹೇಳಿದ್ದೆ. ನಿಮ್ಮ ಮಾವ ಪಕ್ಕದಲ್ಲೇ ಇದ್ದರು, ಬೇಕಾದರೆ ಕೇಳಿ.

ಒಂದು ಬೆಳಿಗ್ಗೆ ಮೆಸೇಜ್ ಬಂತು. "ಅಕ್ಕಾ ಸರ್ಪ್ರೈಸ್! ನಿನ್ ಟೀಮ್‌ಗೆ ಒಬ್ಬ ಹುಲಿ ತಂದಿದೀನಿ."

ಆಪರೇಷನ್‌ಗೆ ಕೊಟ್ಟಿದ್ದ ಕಪ್ಪು ಕನ್ನಡಕ ಹಾಕಿಕೊಂಡೇ ಫೋನ್ ತೆಗೆದೆ. ಬ್ರೈಟ್‌ನೆಸ್ ಪೂರ್ತಿ ಇಳಿಸಿ, ಅಕ್ಷರ ದೊಡ್ಡದು ಮಾಡಿ ಒಂದೊಂದೇ ಸಾಲು ಓದಿದೆ. ಹುಲಿಗೆ 29 ವರ್ಷ. ಹುಲಿಯ ಸಂಬಳ ನನ್ನ ಕ್ವಾರ್ಟರ್‌ಬ್ಯಾಕ್‌ಗಿಂತ ಜಾಸ್ತಿ. ಬದಲಿಗೆ ಹೋದದ್ದು ಎರಡು ವರ್ಷದ ಫಸ್ಟ್ ರೌಂಡ್ ಪಿಕ್. ಅಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಅನ್ನುತ್ತಿದ್ದೆ. ಕೆಳಗೆ ಸರಿಸಿದರೆ ನನ್ನ ಲೆಫ್ಟ್ ಟ್ಯಾಕಲ್ ಕಾಣುತ್ತಿಲ್ಲ! ಅವನ ಜಾಗದಲ್ಲಿ ಹಳದಿ ಗುರುತು, ಪಕ್ಕದಲ್ಲಿ ಮೊನ್ನೆ ತಾನೇ ಬಂದ ಒಬ್ಬ ಹುಡುಗನ ಹೆಸರು. ಅವನು ಅದರ ಪಕ್ಕದ ಗಾರ್ಡ್ ಜಾಗದಲ್ಲಿ ಆಡುವವನು. ಲೆಫ್ಟ್ ಟ್ಯಾಕಲ್ ಎಲ್ಲಿ ಅಂತ ಫೋನ್ ಮಾಡಿ ಕೇಳಿದರೆ, "ಅವ್ನು ಒಂದ್ಸಲಾನೂ ಬಾಲ್ ಮುಟ್ಟಲ್ಲ ಅಕ್ಕಾ, ಸುಮ್ನೆ ದಂಡಕ್ಕೆ ಇದ್ದ" ಅಂತಾನೆ.

ಬಾಲ್ ಮುಟ್ಟಲ್ಲವಂತೆ! ಬಲಗೈಯಲ್ಲಿ ಎಸೆಯೋ ಕ್ವಾರ್ಟರ್‌ಬ್ಯಾಕ್‌ಗೆ ಬೆನ್ನಿನ ಕಡೆ ಕಾಯುವವನು ಅವನೇ. ಎಸೆಯೋಕೆ ತಿರುಗಿ ನಿಂತಾಗ ಎಡಗಡೆಯಿಂದ ಬರೋದು ಕಣ್ಣಿಗೆ ಕಾಣುವುದಿಲ್ಲ. ಮೊದಲನೇ ಮ್ಯಾಚ್‌ನಲ್ಲೇ ಏಳು ಸ್ಯಾಕ್, ಅಂದರೆ ಎಸೆಯೋ ಮುಂಚೆಯೇ ಏಳು ಸಲ ಅವನನ್ನು ಕೆಡವಿದರು. ಎರಡನೇದರಲ್ಲಿ ಭುಜಕ್ಕೆ ಪೆಟ್ಟು, ಸೀಸನ್ ಪೂರ್ತಿ ಕ್ವಾರ್ಟರ್‌ಬ್ಯಾಕ್ ಹೊರಗೆ. ಹುಲಿ ಏನು ಮಾಡಿತು ಅಂತೀರಾ? ಮುಂದೆ ದಾರಿ ಬಿಡಿಸಿಕೊಡುವವರೇ ಇಲ್ಲದ ಮೇಲೆ ಅದು ಎಲ್ಲಿ ಓಡುತ್ತದೆ? ಎರಡು ಯಾರ್ಡ್ ಹೋಗೋದು, ಬೀಳೋದು. ಮತ್ತೆ ಎರಡು ಯಾರ್ಡ್, ಬೀಳೋದು. ನಾಲ್ಕು ಡೌನ್‌ನಲ್ಲಿ, ಅಂದರೆ ನಾಲ್ಕು ಪ್ರಯತ್ನದಲ್ಲಿ, ಹತ್ತು ಯಾರ್ಡ್ ಆಗಬೇಕು ಅನ್ನೋದು ಆಟ, ಇದು ಎಂಟಕ್ಕೆ ಸುಸ್ತು.

ಇದರಲ್ಲಿ ಇನ್ನೊಂದು ಹೊಟ್ಟೆ ಉರಿ ಇದೆ. ಡ್ರಾಫ್ಟ್‌ನಲ್ಲಿ ಸೋತ ಟೀಮಿಗೆ ಮೊದಲ ಸರದಿ. ನಾನು ಸೋತಷ್ಟೂ ನನ್ನ ಪಿಕ್ ಮೇಲೇರುತ್ತಾ ಹೋಯಿತು. ಆದರೆ ಅದು ನನ್ನ ಕೈಯಲ್ಲಿಲ್ಲವಲ್ಲ! ನಾನು ಪ್ರತಿ ವಾರ ಸೋಲುವುದು, ಅಲ್ಲಿ ಇನ್ಯಾರೋ ಪುಣ್ಯಾತ್ಮ ಖುಷಿಪಡುವುದು. ಕೊನೆಗೆ ಎರಡನೇ ಪಿಕ್‌ನಲ್ಲಿ ಅವನಿಗೆ ಎಂಥಾ ಹುಡುಗ ಸಿಕ್ಕ ಗೊತ್ತಾ? ಲೆಫ್ಟ್ ಟ್ಯಾಕಲ್.

ಇದನ್ನು ನನ್ನ ಮಗನ ಹತ್ತಿರ ಹೇಳಿಕೊಂಡಾಗ ಅವನು ನಕ್ಕುಬಿಟ್ಟ. ಅಮ್ಮಾ, ನಮ್ಮ ಡಲ್ಲಾಸ್ ಕೌಬಾಯ್ಸ್ ಉದ್ಧಾರ ಆಗಿದ್ದೇ ಹೀಗೆ ಅಂದ. 1989ರಲ್ಲಿ ಅವರು 16 ಮ್ಯಾಚ್‌ನಲ್ಲಿ ಗೆದ್ದದ್ದು ಒಂದೇ ಒಂದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಹರ್ಷೆಲ್ ವಾಕರ್ ಅನ್ನೋ ರನ್ನಿಂಗ್ ಬ್ಯಾಕ್‌ನನ್ನು ಮಿನ್ನೆಸೋಟಾ ಟೀಮಿಗೆ ಕೊಟ್ಟರು. ಬದಲಿಗೆ ಆಟಗಾರರು, ಪಿಕ್‌ಗಳು, ಸಾಲು ಸಾಲಾಗಿ ಬಂದವು. ಅದರಲ್ಲಿ ಒಂದು ಪಿಕ್ ಬಳಸಿ ಮರುವರ್ಷ ಎಮಿಟ್ ಸ್ಮಿತ್‌ನನ್ನು ತಂದರು. ಅವನು 18,355 ಯಾರ್ಡ್ ಓಡಿದ, ಅದೇ ಇವತ್ತಿಗೂ ದಾಖಲೆ. 1992, 1993, 1995, ಮೂರು ಸೀಸನ್‌ನಲ್ಲಿ ಡಲ್ಲಾಸ್‌ಗೆ ಸೂಪರ್ ಬೌಲ್. ಮಿನ್ನೆಸೋಟಾಗೆ ಇವತ್ತಿನವರೆಗೂ ಒಂದೂ ಇಲ್ಲ. ನಿನ್ನ ಚಿಕ್ಕಪ್ಪ ನನ್ನನ್ನು ಮಿನ್ನೆಸೋಟಾ ಮಾಡಿಟ್ಟ.

ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ, ಮುಂದಿನ ವರ್ಷದ ಪಿಕ್ ಕೊಟ್ಟು ಈ ವರ್ಷಕ್ಕೆ ರನ್ನಿಂಗ್ ಬ್ಯಾಕ್ ತರಬೇಡ. ನಾವು ಬೆಂಗಳೂರಿನವರಿಗೆ ಸೀಸನ್ ಶುರುವಾಗೋ ಮುಂಚೆ "ಈ ಸಲ ಕಪ್ ನಮ್ದೇ" ಅನ್ನೋದು ಅಭ್ಯಾಸ ಆಗಿಬಿಟ್ಟಿದೆ. 2008ರಿಂದ ಕಾದು ಕಾದು 2025ಕ್ಕೆ ಬಂತು. ಕಪ್ ಬರುತ್ತದೆ ಅಂತ ಇರೋದನ್ನೆಲ್ಲಾ ಮಾರಿಕೊಳ್ಳೋಕಾಗುತ್ತಾ?

ನನಗೆ ಬೇಜಾರಾಗಿದ್ದು ಸೋತಿದ್ದಕ್ಕಲ್ಲ. ಒಂದು ಮಾತು ಕೇಳಲಿಲ್ಲವಲ್ಲ ಅಂತ. ಮಾಡೋದೆಲ್ಲಾ ಮಾಡಿ ಆಮೇಲೆ ಒಂದು ಮೆಸೇಜ್ ಹಾಕಿಬಿಡುವುದು. ಎಲ್ಲದಕ್ಕೂ ಹಾಗೇ ಅವನು. ಸರ್ಜಾಪುರ ರಸ್ತೆಯಲ್ಲಿ ಫ್ಲ್ಯಾಟ್ ತಗೊಂಡನಲ್ಲ, ಗೃಹಪ್ರವೇಶಕ್ಕೆ ನನ್ನನ್ನು ಹೇಗೆ ಕರೆದ ಅಂತ ಯಾರಿಗಾದರೂ ಗೊತ್ತಾ? ಇದೇ ಗ್ರೂಪಿಗೆ ಒಂದು ಕಾರ್ಡ್ ಹಾಕಿದ. ಗಣಪತಿ ಚಿತ್ರ ಮಿನುಗುತ್ತಾ ಇತ್ತು, ಹಿಂದೆ ನಾದಸ್ವರ. ಕೆಳಗೆ "ಸರ್ವರಿಗೂ ಸ್ವಾಗತ". ನಾನು ಸರ್ವರೇನೋ? ಒಡಹುಟ್ಟಿದ ಅಕ್ಕ. ಮಲ್ಲೇಶ್ವರಕ್ಕೆ ಬಂದು ಕುಂಕುಮ ಕೊಟ್ಟು "ಬಾ ಅಕ್ಕ" ಅನ್ನೋಕೆ ಎಷ್ಟು ಹೊತ್ತು ಬೇಕು? ಟ್ರಾಫಿಕ್ ಅಂತಾನೆ. ಟ್ರಾಫಿಕ್ ನನಗೂ ಇತ್ತು, ನಾನು ಹೋಗಲಿಲ್ವಾ?

ಗೌರಿ ಹಬ್ಬ ಬರುತ್ತಿದೆ. ಅಪ್ಪ ಇದ್ದಾಗ ಬಸವನಗುಡಿಯಿಂದ ಮೆಜೆಸ್ಟಿಕ್‌ಗೆ ಬಂದು, ಅಲ್ಲಿ ಇನ್ನೊಂದು ಬಸ್ ಹಿಡಿದು, ಬಾಗಿನ ತರುತ್ತಿದ್ದರು. ಮೊರಕ್ಕೆ ಪೇಪರ್ ಸುತ್ತಿ, ಟ್ವೈನ್ ದಾರ ಕಟ್ಟಿ, ತೊಡೆ ಮೇಲೆ ಇಟ್ಟುಕೊಂಡೇ ಬರುತ್ತಿದ್ದರು. ಹಸಿರು ಬಳೆ ಒಂದೂ ಒಡೆದಿರುತ್ತಿರಲಿಲ್ಲ. ಗಾಂಧಿ ಬಜಾರಿನ ಮಲ್ಲಿಗೆ ಬೇರೆ, ಬಾಳೆ ಎಲೆಯಲ್ಲಿ. ಈಗ? ಹೋದ ವರ್ಷ ಬೆಳಿಗ್ಗೆ ಆರೂವರೆಗೆ ಫೋನ್ ಟಿಂಗ್ ಅಂತು. ನೋಡಿದರೆ ಸಾವಿರದ ಒಂದು ರೂಪಾಯಿ ಅಕೌಂಟಿಗೆ ಬಂದಿದೆ. ಜೊತೆಗೆ ಕೈ ಮುಗಿದ ಬೊಂಬೆ. ಆ ಸಾವಿರದ ಒಂದನ್ನು ನಾನು ಇನ್ನೂ ಮುಟ್ಟಿಲ್ಲ, ಹಾಗೇ ಇದೆ. ದುಡ್ಡು ಯಾರಿಗೆ ಬೇಕು?

ಆಯಿತು ಬಿಡು. ನಿಮ್ಮ ಮಾವ ಒಳಗಿನಿಂದ "ಆ ಹುಡುಗ ಕೇಳಿದ್ದೇನು, ನೀನು ಹೇಳ್ತಿರೋದೇನು" ಅನ್ನುತ್ತಿದ್ದಾರೆ. ಹೌದು, ಕ್ಯಾಪ್ ವಿಷಯ.

ಕ್ಯಾಪ್ ಮೀರಿದೆ ಅಂತೀಯ, ಅದರ ಮೇಲೆ ಇನ್ನೊಬ್ಬನನ್ನು ತರುತ್ತೇನೆ ಅಂತೀಯ. ಎಲ್ಲಿಂದ ಕೊಡುತ್ತೀಯ? ನಿಜವಾದ ಲೀಗಿನಲ್ಲಿ 1994ರಿಂದ ಈ ಮಿತಿ ಇದೆ. 2025ರಲ್ಲಿ ಒಂದೊಂದು ಟೀಮಿಗೆ 27.92 ಕೋಟಿ ಡಾಲರ್. ಅಷ್ಟು ಕೊಟ್ಟರೂ ಅವರಿಗೇ ಸಾಲುವುದಿಲ್ಲ. ಕ್ವಾರ್ಟರ್‌ಬ್ಯಾಕ್‌ನ ಸಂಬಳವನ್ನು ಬೋನಸ್ ಮಾಡಿ ಮುಂದಿನ ವರ್ಷಗಳಿಗೆ ಹಂಚೋ ಗುಂಡಿ ಒಂದಿದೆ, ಅದನ್ನು ಒತ್ತಬೇಡ. ಈ ವರ್ಷ ಹಗುರ ಅನಿಸುತ್ತದೆ. ಅವನು ಬಿಟ್ಟು ಹೋದ ಮೇಲೂ ಲೆಕ್ಕದಲ್ಲಿ ಕೂತಿರುತ್ತದೆ. ಚೀಟಿ ಎತ್ತಿ ಖರ್ಚು ಮಾಡಿದ ಮೇಲೂ ಕಂತು ಕಟ್ಟುತ್ತಾ ಇರಬೇಕಲ್ಲ, ಹಾಗೆ.

ನಿನ್ನ ಪಟ್ಟಿ ನೋಡಿದೆ. ಚೆಂಡನ್ನು ದೂರಕ್ಕೆ ಒದೆಯೋ ಪಂಟರ್ ಇಬ್ಬರನ್ನು ಯಾಕೆ ಇಟ್ಟುಕೊಂಡಿದ್ದೀಯ? ಒಬ್ಬ ಸಾಕು. ಎದುರಾಳಿಯನ್ನು ತಡೆಯೋದು, ಚೆಂಡು ಹಿಡಿಯೋದು ಎರಡೂ ಮಾಡೋ ಟೈಟ್ ಎಂಡ್‌ಗಳಲ್ಲಿ ನಾಲ್ಕನೆಯವನಿಗೆ ಅಷ್ಟು ಸಂಬಳ ಯಾಕೆ? ಇವರಿಬ್ಬರಿಗೂ ಬೋನಸ್ ಬಾಕಿ ಇಲ್ಲ, ಬಿಟ್ಟು ಕಳಿಸಿದರೆ ಪೂರ್ತಿ ದುಡ್ಡು ವಾಪಸ್. ಕ್ಯಾಪ್ ಒಳಗೆ ಬರುತ್ತೀಯ, 55 ಆಟಗಾರರು ಇರೋದು ಮಿತಿಯ 53ಕ್ಕೆ ಇಳಿಯುತ್ತದೆ. ಎರಡೂ ಒಂದೇ ಏಟಿಗೆ. ನೀನಾಗಿ ತೆಗೆಯದಿದ್ದರೆ ಆಮೇಲೆ ಕಂಪ್ಯೂಟರ್ ತಾನೇ ಯಾರನ್ನೋ ತೆಗೆದುಹಾಕುತ್ತದೆ, ಅದಕ್ಕೆ ಕರುಣೆ ಇಲ್ಲ. ರನ್ನಿಂಗ್ ಬ್ಯಾಕ್ ಬೇಕೇ ಬೇಕು ಅನಿಸಿದರೆ ನಿನ್ನಲ್ಲೇ 23 ವಯಸ್ಸಿನವನು ಒಬ್ಬ ಬೆಂಚ್ ಮೇಲೆ ಕೂತಿದ್ದಾನೆ, ಆಡಿಸು. ಮುಂದೆ ಪಟ್ಟಿಯಲ್ಲಿ ಜಾಗ ಖಾಲಿಯಾದಾಗ ಮಿಕ್ಕಿದ ದುಡ್ಡಿಗೆ ಒಬ್ಬ ಸಾಧಾರಣ ಎರಡನೇ ಕ್ವಾರ್ಟರ್‌ಬ್ಯಾಕ್ ತಂದಿಟ್ಟುಕೋ. 36ಕ್ಕೆ ಹೆದರಬೇಡ ಅಂದೆ, ನಿಜ. ಪೆಟ್ಟು ಬೀಳೋದು ವಯಸ್ಸು ಕೇಳಿಕೊಂಡಲ್ಲ.

ಇನ್ನೊಂದು. ಇವತ್ತು ರಾತ್ರಿಗೆ ಬಂದ್ ಅಂತ ಒದ್ದಾಡುತ್ತಿದ್ದೀಯ, ಸರಿಯಾಗಿ ಓದು. ಮಂಗಳವಾರ ರಾತ್ರಿ 11.59 ಅಂತ ಹಾಕಿರೋದು ನ್ಯೂಯಾರ್ಕ್ ಸಮಯ. ನಮಗೆ ಅದು ನಾಳೆ ಬುಧವಾರ ಬೆಳಿಗ್ಗೆ 9.29. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಿಡುತ್ತಾರೆ, ಆಗಿಂದ 10.29. ಮಾರ್ಚ್‌ನಲ್ಲಿ ಮತ್ತೆ ಒಂದು ಗಂಟೆ ಮುಂಚೆ ಬರುತ್ತದೆ, ಅಲ್ಲಿ ಎಷ್ಟೋ ಜನ ಎಡವುತ್ತಾರೆ. ಕ್ಯಾಲೆಂಡರ್ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಕೋ. ಹಾಗಾಗಿ ರಾತ್ರಿ ನೆಮ್ಮದಿಯಾಗಿ ಮಲಗು, ಬೆಳಿಗ್ಗೆ ಎದ್ದು ಇಬ್ಬರನ್ನು ತೆಗೆ.

ತೆಗೆದ ಮೇಲೆ ಡೆಪ್ತ್ ಚಾರ್ಟ್ ಸ್ಕ್ರೀನ್‌ಶಾಟ್ ತೆಗೆದು ಕಳಿಸು, ಲೆಫ್ಟ್ ಟ್ಯಾಕಲ್ ಯಾರು ಅಂತ ನಾನೂ ಒಮ್ಮೆ ನೋಡುತ್ತೇನೆ. ನನ್ನ ನಂಬರಿಗೆ ಕಳಿಸು, ಗ್ರೂಪಿಗೆ ಹಾಕಬೇಡ. ಮೊದಲನೇ ವಾರ ನಿನ್ನ ಎದುರು ಆಡುವುದು ನಿನ್ನ ಚಿಕ್ಕಪ್ಪನ ಟೀಮ್.